ನಾರ್ತ್ ಡಕೋಟಾದ ಯಹೂದಿ ರೈತ ಹೆಂಗಸು ರೇಚೆಲ್ ಕಾಲೊಫ್ ಬಗ್ಗೆ ಮಾತಾಡ್ಬೇಕು, ಗೊತ್ತಿರೋರು ಸ್ವಲ್ಪ ಹೇಳಿ

ಒಂಟಿಕೊಪ್ಪಲ್_ಓದುಗಿ:

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆ ಹೆಂಗಸರು ಸೇರ್ಕೊಂಡು ತಿಂಗಳಿಗೊಂದ್ಸಲ ಒಬ್ಬೊಬ್ರು ಒಂದೊಂದು ವಿಷಯ ಓದ್ಕೊಂಡು ಬಂದು ಮಾತಾಡ್ತೀವಿ, ಈ ಸಲ ನನ್ನ ಸರದಿ. ರೇಚೆಲ್ ಕಾಲೊಫ್ ಅನ್ನೋ ಯಹೂದಿ ಹೆಂಗಸಿನ ಬದುಕಿನ ಬಗ್ಗೆ ಹೇಳೋಣ ಅಂತಿದೀನಿ. 1876ರಲ್ಲಿ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಈಗಿನ ಉಕ್ರೇನ್ ಕಡೆ ಹುಟ್ಟಿದೋರು, ಚಿಕ್ಕ ವಯಸ್ಸಲ್ಲೇ ತಾಯಿ ಇಲ್ಲ, ನೆಂಟರ ಮನೇಲಿ ಕೆಲಸದವಳ ಥರ ಬೆಳೆದು 1894ರಲ್ಲಿ ಒಂದ್ಸಲಾನೂ ಭೇಟಿ ಆಗದ ಗಂಡನ್ನ ಮದುವೆ ಆಗೋಕೆ ಹಡಗು ಹತ್ತಿ ಅಮೆರಿಕಕ್ಕೆ ಹೋದ್ರು. ಅಲ್ಲಿಂದ ರೈಲಲ್ಲಿ ನಾರ್ತ್ ಡಕೋಟಾದ ಡೆವಿಲ್ಸ್ ಲೇಕ್ ಅನ್ನೋ ಊರಿನ ಹತ್ರ, ಸುತ್ತ ಬರೀ ಹುಲ್ಲು ಬಯಲು, ಹನ್ನೆರಡಡಿ ಹದಿನಾಲ್ಕಡಿ ಗುಡಿಸಲು. ಅಲ್ಲೇ ಒಂಬತ್ತು ಮಕ್ಕಳನ್ನ ಹೆತ್ತು, 1917ರಲ್ಲಿ ಜಮೀನು ಬಿಟ್ಟು ಮಿನೆಸೋಟಾದ ಸೇಂಟ್ ಪಾಲ್ ಪೇಟೆಗೆ ಬಂದ್ರು. ಅರವತ್ತು ವಯಸ್ಸಾದಾಗ, 1936ರಲ್ಲಿ, ಕೂತ್ಕೊಂಡು ಎಲ್ಲಾನೂ ಯಿಡ್ಡಿಶ್ ಅನ್ನೋ ಅವರ ಮನೆಮಾತಲ್ಲಿ ಬರೆದಿಟ್ರು, ಅದು ಅಚ್ಚಾಗಿದ್ದು ಅವ್ರು ತೀರ್ಕೊಂಡು ನಲವತ್ತು ವರ್ಷ ದಾಟಿದ ಮೇಲೆ, 1995ರಲ್ಲಿ.

ಓದ್ತಾ ಓದ್ತಾ ನನಗೆ ನಿದ್ದೆನೇ ಬರ್ಲಿಲ್ಲ. ಆದ್ರೆ ನಮ್ಮೋರಿಗೆ ಹೇಳ್ಬೇಕಾದ್ರೆ ಅವ್ರು ಕೇಳೋ ಪ್ರಶ್ನೆಗಳು ನನಗೆ ಈಗ್ಲೇ ಗೊತ್ತು. ಯಹೂದಿಗಳು ಅಂದ್ರೆ ವ್ಯಾಪಾರ ಮಾಡೋರು ಅಲ್ವಾ, ಇವ್ರು ಬೇಸಾಯಕ್ಕೆ ಅಷ್ಟು ದೂರ ಯಾಕ್ ಹೋದ್ರು? ದೇವಸ್ಥಾನ ಇಲ್ಲ, ಪುರೋಹಿತರಿಲ್ಲ, ಮಡಿ ಮೈಲಿಗೆ ಥರ ಅವರಿಗೂ ಅಡುಗೆ ಮನೆ ನಿಯಮ ಬೇಕಾದಷ್ಟಿದೆಯಂತೆ, ಅದನ್ನೆಲ್ಲ ಆ ಬಯಲಲ್ಲಿ ಹೆಂಗ್ ನಡೆಸಿದ್ರು? ಮತ್ತೆ ಆ ಜಮೀನಲ್ಲಿ ಹೆಂಗಸರ ಹೆಸರಿಗೆ ಏನಾದ್ರೂ ಇತ್ತಾ? ತಿಳಿದೋರು ವಿವರವಾಗಿ ಬರೀರಿ, ಉದ್ದ ಆದ್ರೂ ಪರವಾಗಿಲ್ಲ.

ಗಂಗೋತ್ರಿ_ಇತಿಹಾಸ:

ಒಳ್ಳೇ ವಿಷಯ ಹಿಡಿದಿದೀರ ಮೇಡಂ. ಮೊದಲ್ನೇ ಪ್ರಶ್ನೆಗೆ ನಾನು ಹೇಳ್ತೀನಿ. ವ್ಯಾಪಾರ ಅವರ ಸ್ವಭಾವ ಅಂತ ನಮ್ಮಲ್ಲಿ ತುಂಬಾ ಜನ ಅಂದ್ಕೊಂಡಿದಾರೆ, ಅದು ಸ್ವಭಾವ ಅಲ್ಲ, ರಷ್ಯಾದ ಝಾರ್ ಸರ್ಕಾರ ಅವರಿಗೆ ಬೇರೆ ದಾರಿ ಕೊಡ್ಲಿಲ್ಲ. ಸಾಮ್ರಾಜ್ಯದ ಪಶ್ಚಿಮದ ಒಂದಿಷ್ಟು ಪ್ರಾಂತ್ಯ ಬಿಟ್ಟು ಆಚೆ ಬಹುಪಾಲು ಯಹೂದಿಗಳು ವಾಸ ಮಾಡೋ ಹಾಗಿರ್ಲಿಲ್ಲ. 1881ರಲ್ಲಿ ಝಾರ್ ದೊರೆ ಎರಡನೇ ಅಲೆಕ್ಸಾಂಡರ್ ಕೊಲೆ ಆಯ್ತು, ಆ ಸಿಟ್ಟನ್ನ ಯಹೂದಿಗಳ ಮೇಲೆ ತಿರುಗಿಸಿದ್ರು, ಊರೂರಲ್ಲಿ ಮನೆ ಅಂಗಡಿ ಲೂಟಿ, ಹೊಡೆದಾಟ. ಅದಾದ ಮಾರನೇ ವರ್ಷ, 1882ರ ಮೇ ತಿಂಗಳಲ್ಲಿ, ಪೇಟೆಗಳ ಹೊರಗೆ ಹಳ್ಳಿ ಕಡೆ ಯಹೂದಿಗಳು ಹೊಸದಾಗಿ ನೆಲೆಸೋ ಹಾಗಿಲ್ಲ, ಅಲ್ಲಿ ಜಮೀನು ಕೊಳ್ಳೋ ಹಾಗಿಲ್ಲ, ಗುತ್ತಿಗೆಗೂ ಹಿಡಿಯೋ ಹಾಗಿಲ್ಲ ಅಂತ ಕಾನೂನು ಬಂತು. ಇಂಥಾ ಕಡೆಯಿಂದ ಬಂದೋರಿಗೆ ಸ್ವಂತ ಮಣ್ಣು ಅಂದ್ರೆ ಏನು ಆಸೆ ಇರುತ್ತೆ ಅಂತ ನೀವೇ ಯೋಚನೆ ಮಾಡಿ.

ಅಮೆರಿಕದಲ್ಲಿ 1862ರ ಹೋಮ್‌ಸ್ಟೆಡ್ ಕಾಯ್ದೆ ಇತ್ತು. 160 ಎಕರೆ ಸರ್ಕಾರಿ ಜಮೀನು ಗುರುತು ಮಾಡ್ಕೊಂಡು ಅರ್ಜಿ ಹಾಕಿ, ಐದು ವರ್ಷ ಅಲ್ಲೇ ವಾಸ ಇದ್ದು ಉಳುಮೆ ಮಾಡಿ ತೋರಿಸಿದ್ರೆ ಸಣ್ಣ ಫೀಸಿಗೆ ಪಟ್ಟಾ ಸಿಗ್ತಿತ್ತು. ಪ್ರಜೆ ಆಗ್ತೀನಿ ಅಂತ ಬರೆದುಕೊಟ್ಟ ವಲಸಿಗರೂ ಹಾಕ್ಬೋದಿತ್ತು. ಅದೇ 1882ರಲ್ಲೇ ಈಗಿನ ನಾರ್ತ್ ಡಕೋಟಾದ ಬಿಸ್ಮಾರ್ಕ್ ಪೇಟೆ ಹತ್ರ ಪೇಂಟೆಡ್ ವುಡ್ಸ್ ಅನ್ನೋ ಕಡೆ ಸೇಂಟ್ ಪಾಲಿನ ರಬ್ಬಿ, ಅಂದ್ರೆ ಯಹೂದಿ ಧರ್ಮಗುರು, ವೆಕ್ಸ್‌ಲರ್ ಮುಂದೆ ನಿಂತು ಒಂದು ಯಹೂದಿ ರೈತರ ಕಾಲೊನಿ ಶುರು ಮಾಡಿಸಿದ್ರು, ಕೆಲವೇ ವರ್ಷಕ್ಕೆ ಅದು ಚದುರಿಹೋಯ್ತು. ಅಲ್ಲಿಂದ ಕೆಲವರು ಡೆವಿಲ್ಸ್ ಲೇಕ್ ಕಡೆಗೂ ಬಂದ್ರು. ಅಂದ್ರೆ ರೇಚೆಲ್ ಹೋಗೋ ಹೊತ್ತಿಗೆ ಆ ಸೀಮೆಗೆ ಅವರ ಜನ ಹೊಸಬರೇನಲ್ಲ. ನ್ಯೂಯಾರ್ಕಲ್ಲಿ 1900ರಲ್ಲಿ ಯಹೂದಿ ರೈತರಿಗೆ ಸಾಲ ಕೊಡೋಕೆ ಅಂತಾನೇ ಒಂದು ಸಂಸ್ಥೆ ಆಯ್ತು, ಬ್ಯಾರನ್ ಹಿರ್ಷ್ ಅನ್ನೋ ಶ್ರೀಮಂತರು ಬಿಟ್ಟುಹೋದ ದುಡ್ಡಿನ ಬಲದ ಮೇಲೆ. ಆ ಸಂಸ್ಥೆಯೋರು 1908ರಿಂದ ಯಿಡ್ಡಿಶ್‌ನಲ್ಲಿ ಬೇಸಾಯದ ಮಾಸಪತ್ರಿಕೆ ಕೂಡ ತಂದ್ರು.

ಹೆಂಗಸರ ಹೆಸರಿನ ಬಗ್ಗೆ ಕೇಳಿದ್ರಲ್ಲ, ಆ ಕಾಯ್ದೆ ಒಂದು ವಿಷಯದಲ್ಲಿ ಅದರ ಕಾಲಕ್ಕಿಂತ ಮುಂದಿತ್ತು. ಇಪ್ಪತ್ತೊಂದು ತುಂಬಿದ ಮದುವೆ ಆಗದ ಹೆಣ್ಣುಮಗಳು, ವಿಧವೆ, ಗಂಡ ಬಿಟ್ಟುಹೋದೋಳು, ಇವ್ರೆಲ್ಲ ತಮ್ಮ ಹೆಸರಲ್ಲೇ 160 ಎಕರೆಗೆ ಅರ್ಜಿ ಹಾಕ್ಬೋದಿತ್ತು. ಗಂಡನ ಜೊತೆ ಸಂಸಾರ ಮಾಡ್ತಾ ಇರೋಳಿಗೆ ಮಾತ್ರ ಇಲ್ಲ, ಅವಳ ಮನೆಗೆ ಯಜಮಾನ ಗಂಡ ಅನ್ನೋ ಲೆಕ್ಕ. ಪೌರತ್ವಾನೂ ಹಂಗೇ, 1922ರಲ್ಲಿ ಕಾನೂನು ಬದಲಾಗೋ ತನಕ ಮದುವೆಯಾದ ಹೆಂಗಸಿನ ಪೌರತ್ವ ಗಂಡನ ಪೌರತ್ವದ ಹಿಂದೇನೇ ಹೋಗ್ತಿತ್ತು. ಅಂದ್ರೆ ಐದು ವರ್ಷ ಗುಡಿಸಲಲ್ಲಿ ಇದ್ದು ಹೆತ್ತು ಹೊತ್ತು ಗೇಯ್ದು ಪಟ್ಟಾ ಸಂಪಾದಿಸಿಕೊಟ್ಟ ಹೆಂಡತಿಯ ಹೆಸರು ಸಾಮಾನ್ಯವಾಗಿ ಆ ಕಾಗದದಲ್ಲಿ ಇರ್ತಿರ್ಲಿಲ್ಲ. ಇದನ್ನ ನಿಮ್ಮ ಮಾತಲ್ಲಿ ಖಂಡಿತ ಹೇಳಿ.

ಮದ್ದೂರು_ಬೇಸಾಯ:

ಅಕ್ಕಾ, 160 ಎಕರೆ ಅಂದ ತಕ್ಷಣ ನಿಮ್ಮ ಸಭೇಲಿ ಎಲ್ರೂ ಓಹ್ ಅಂತಾರೆ, ನಮ್ಮ ಕಡೆ ಎರಡೆಕ್ರೆ ಗದ್ದೆ ಇದ್ರೆ ಅವನೇ ರೈತ. ಅದಕ್ಕೇ ಆ ಜಾಗದ ಲೆಕ್ಕ ಮೊದ್ಲು ಹೇಳ್ಬೇಕು ಕಣಕ್ಕ. ಡೆವಿಲ್ಸ್ ಲೇಕ್ ಕಡೆ ವರ್ಷಕ್ಕೆ ಬೀಳೋ ಮಳೆ ಹಿಮ ಎಲ್ಲ ಸೇರಿದ್ರೂ ಐನೂರು ಮಿಲಿಮೀಟರ್ ಆಸುಪಾಸು, ನಮ್ಮ ಮಂಡ್ಯ ಜಿಲ್ಲೇಲಿ ಬೀಳೋದಕ್ಕಿಂತ ಕಮ್ಮಿ, ನಾಲೆ ಇಲ್ಲ ಕೆರೆ ನೀರಾವರಿ ಇಲ್ಲ. ಬೆಳೆ ಬೆಳೆಯೋಕೆ ಹಿಮ ಬೀಳದೇ ಇರೋ ದಿನ ಅಂತ ಸಿಗೋದೇ ನಾಲ್ಕು ತಿಂಗಳು ಹತ್ರ ಹತ್ರ, ಅಷ್ಟರೊಳಗೆ ಗೋಧಿನೋ ಅಗಸೆನೋ ಬಿತ್ತಿ ಕೊಯ್ದು ಒಕ್ಕಣೆ ಮುಗಿಸ್ಬೇಕು. ಚಳಿಗಾಲದಲ್ಲಿ ಮೈನಸ್ ಮೂವತ್ತು ಡಿಗ್ರಿ ಹೋಗೋ ಜಾಗ ಅದು. ಕೊಯ್ಲಿಗೆ ಬಂದ ಬೆಳೆ ಮೇಲೆ ಆಲಿಕಲ್ಲು ಮಳೆ ಬಿದ್ರೆ ಆ ವರ್ಷ ಮುಗೀತು. ಆ ಯಮ್ಮನ ಸಂಸಾರಕ್ಕೂ ಹಂಗೇ ಆಗೈತೆ. ಸಾಲ ಮಾಡಿ ಬಿತ್ತಿರ್ತಾರೆ, ಕಣ್ಮುಂದೆನೇ ಎಲ್ಲ ನೆಲಕ್ಕೆ.

ನನಗೆ ಇಡೀ ಕಥೇಲಿ ಮನಸ್ಸಿಗೆ ಹಿಡಿದಿದ್ದು ಉರುವಲಿನ ಸಮಾಚಾರ. ಆ ಬಯಲಲ್ಲಿ ಮರ ಇಲ್ಲ. ದನದ ಸಗಣಿ ಒಣಗಿಸಿ ಅದನ್ನೇ ಒಲೆಗೆ ಹಾಕ್ತಿದ್ರು. ನಮ್ಮಜ್ಜಿ ಬೆರಣಿ ತಟ್ಟಿ ಗೋಡೆಗೆ ಹಾಕ್ತಿದ್ದಂಗೆ ಅಲ್ಲೂ ಅದೇ ಕೆಲಸ, ಆದ್ರೆ ನಮ್ಮಜ್ಜಿಗೆ ಅಡುಗೆಗೆ ಮಾತ್ರ ಬೇಕಿತ್ತು, ಅಲ್ಲಿ ಉರುವಲು ಮುಗಿದ್ರೆ ಜೀವನೇ ಹೋಗ್ತದೆ. ಅದಕ್ಕೇ ಚಳಿಗಾಲ ಬಂದ್ರೆ ಪ್ರತ್ಯೇಕ ಗುಡಿಸಲು ಕಾಯಿಸೋಕೆ ಆಗ್ದೆ ಅತ್ತೆ ಮಾವ ಎಲ್ರೂ ಇವ್ರ ಒಂದೇ ಗುಡಿಸಲಿಗೆ ಬಂದು ಇರೋರು, ಹೊಸದಾಗಿ ಮದುವೆಯಾದ ಹುಡುಗಿ, ಅದೇ ರೂಮಲ್ಲಿ ಕರು, ಮಂಚದ ಕೆಳಗೆ ಕೋಳಿ. ಹೊರಗಡೆ ಬಿಟ್ರೆ ಅವೂ ಸಾಯ್ತವೆ. ಮರೆ ಅನ್ನೋದೇ ಇಲ್ಲ. ಇದನ್ನ ಆಕೆ ಮುಚ್ಚುಮರೆ ಇಲ್ದಂಗೆ ಬರೆದವ್ಳೆ, ಹೆಂಗಸಿಗೆ ಸಂಸಾರದಲ್ಲಿ ನಾಲ್ಕು ಗೋಡೆ ಅಂತ ತನ್ನದೇ ಒಂದು ಜಾಗ ಇರ್ಬೇಕು ಅಂತ ಅವಳಿಗೆ ಎಷ್ಟು ಆಸೆ ಇತ್ತು ಅನ್ನೋದು ಪುಟಪುಟದಲ್ಲೂ ಗೊತ್ತಾಗ್ತದೆ.

ಇನ್ನೊಂದು ಸಂಗತಿ ಬಿಡ್ಬೇಡಿ. ಹೋದ ಹೊಸದರಲ್ಲಿ ಮನೇಲಿ ದೀಪ ಇಲ್ಲ, ಊಟಕ್ಕೂ ಸರಿಯಾಗಿ ಏನಿಲ್ಲ, ಕತ್ತಲಾದ್ರೆ ಸುಮ್ನೆ ಕೂರ್ಬೇಕು. ಈ ಹುಡುಗಿ ಮಣ್ಣಲ್ಲಿ ಹಣತೆ ಥರ ಮಾಡಿ, ಬಟ್ಟೆ ಚೂರು ಬತ್ತಿ ಮಾಡಿ, ಬೆಣ್ಣೆ ಹಾಕಿ ಹಚ್ಚವ್ಳೆ. ಬಯಲಲ್ಲಿ ಹುಡುಕಿ ಅಣಬೆ, ಕಾಡು ಬೆಳ್ಳುಳ್ಳಿ ತಂದು, ಅಣಬೆ ವಿಷ ಇರ್ಬೋದು ಅಂತ ಮೊದ್ಲು ತಾನೇ ತಿಂದು ನೋಡಿ ಆಮೇಲೆ ಅಡುಗೆ ಮಾಡವ್ಳೆ. ಹದಿನೆಂಟು ವರ್ಷದ ಹುಡುಗಿ ಕಣಕ್ಕ.

ಕುವೆಂಪುನಗರ_ಅಮ್ಮ:

ಅಡುಗೆ ಮನೆ ಪ್ರಶ್ನೆಗೆ ನಾನು ಬರೀತೀನಿ. ನನ್ನ ತಂಗಿ ಮಗಳು ಕೆಲಸದ ಮೇಲೆ ಮಿನೆಸೋಟಾದಲ್ಲಿ ಇದಾಳೆ, ಅವಳ ಪಕ್ಕದ ಮನೆ ವಯಸ್ಸಾದ ಯಹೂದಿ ಹೆಂಗಸಿನ ಹತ್ರ ಕೇಳಿ ತಿಳ್ಕೊಂಡಿದ್ದು, ಆಮೇಲೆ ಓದಿದ್ದು ಎಲ್ಲ ಸೇರಿಸಿ ಹೇಳ್ತೀನಿ.

ಯಹೂದಿಗಳಲ್ಲಿ ಗುಂಪಿನ ಪ್ರಾರ್ಥನೆ ಪೂರ್ತಿಯಾಗಿ ನಡೀಬೇಕು ಅಂದ್ರೆ ಹತ್ತು ಜನ ಗಂಡಸರು ಸೇರ್ಬೇಕು. ಪೇಟೆಗಳಲ್ಲಿ ಅದು ಸುಲಭ. ಆ ಬಯಲಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಮೈಲಿಗಟ್ಟಲೆ, ಹಿಮ ಬಿದ್ರೆ ಕೊಟ್ಟಿಗೆಗೆ ಹೋಗಿ ಬರೋದೇ ಕಷ್ಟ, ಹತ್ತು ಜನ ಎಲ್ಲಿಂದ ಸೇರ್ತಾರೆ? ಹಾಗಾಗಿ ಗಂಡಸರ ಕೈಲಿದ್ದ ಧರ್ಮ ವರ್ಷದ ಎಷ್ಟೋ ತಿಂಗಳು ನಡೀತಾನೇ ಇರ್ಲಿಲ್ಲ. ನಡೆದಿದ್ದು ಯಾವುದು ಅಂದ್ರೆ ಹೆಂಗಸರ ಕೈಲಿದ್ದದ್ದು. ಶುಕ್ರವಾರ ಸೂರ್ಯ ಮುಳುಗೋಕೆ ಮುಂಚೆ ದೀಪ ಹಚ್ಚೋದು ಮನೆ ಹೆಂಗಸು. ಅಷ್ಟು ಉತ್ತರದಲ್ಲಿ ಡಿಸೆಂಬರ್ ತಿಂಗಳಲ್ಲಿ ಸಂಜೆ ಐದಕ್ಕೆ ಮುಂಚೆನೇ ಸೂರ್ಯ ಹೋಗ್ತಾನೆ, ಅಷ್ಟರಲ್ಲಿ ಹಾಲು ಕರೆದು, ಬ್ರೆಡ್ ಬೇಯಿಸಿ, ಮಾರನೇ ದಿನಕ್ಕೂ ಅಡುಗೆ ಮಾಡಿ ಮುಗಿಸಿರ್ಬೇಕು, ಯಾಕಂದ್ರೆ ಶನಿವಾರ ಸಂಜೆ ತನಕ ಹೊಸದಾಗಿ ಬೆಂಕಿ ಹೊತ್ತಿಸೋ ಹಾಗಿಲ್ಲ. ಮೈನಸ್ ಮೂವತ್ತರಲ್ಲಿ ಈ ನಿಯಮ ಎಷ್ಟು ಭಾರ ಅಂತ ಯೋಚನೆ ಮಾಡಿ. ಪ್ರಾಣಕ್ಕೆ ಅಪಾಯ ಅಂದ್ರೆ ನಿಯಮ ಮುರೀಬೋದು ಅಂತ ಅವರ ಶಾಸ್ತ್ರದಲ್ಲೇ ಇದೆ, ಅಪಾಯ ಎಲ್ಲಿ ಶುರುವಾಗುತ್ತೆ ಅನ್ನೋ ತೀರ್ಮಾನ ಮಾತ್ರ ಒಲೆ ಮುಂದೆ ನಿಂತಿರೋಳ ಮೇಲೆ.

ಮಾಂಸ ಅಂದ್ರೆ ಹಂದಿ ಇಲ್ಲ, ಹಾಲು ಮಾಂಸ ಒಟ್ಟಿಗೆ ಇಲ್ಲ, ಪಾತ್ರೆನೂ ಬೇರೆ ಬೇರೆ. ಪ್ರಾಣಿ ಕೊಯ್ಯೋಕೂ ಅದಕ್ಕೆ ಅಂತ ಕಲಿತಿರೋ ಒಬ್ಬರು ಬೇಕು. ನಾರ್ತ್ ಡಕೋಟಾದಲ್ಲಿ ಗ್ರ್ಯಾಂಡ್ ಫೋರ್ಕ್ಸ್‌ನ ರಬ್ಬಿ ಪೇಪರ್‌ಮಾಸ್ಟರ್ ಅನ್ನೋರು 1890ರ ದಶಕದಿಂದ ದೂರ ದೂರದ ಹಳ್ಳಿಗಳಿಗೂ ಓಡಾಡಿ ಈ ಕೆಲಸಾನೂ, ಗಂಡು ಮಕ್ಕಳಿಗೆ ಎಂಟನೇ ದಿನ ಮಾಡೋ ಸುನ್ನತಿನೂ, ಮದುವೆನೂ ಮಾಡಿಸ್ತಿದ್ರು. ಅವರು ಬರೋ ತನಕ ಏನು? ಮೊಟ್ಟೆ, ಹಾಲು, ಬೆಣ್ಣೆ, ಆಲೂಗಡ್ಡೆ, ಬ್ರೆಡ್. ಕೋಳಿ ಕೊಟ್ಟಿಗೇಲಿ ಇದ್ರೂ ತಿನ್ನೋ ಹಾಗಿಲ್ಲ. ಕೊಯ್ದ ಮೇಲೂ ಮಾಂಸಾನ ಅರ್ಧ ಗಂಟೆ ನೀರಲ್ಲಿ ನೆನೆಸಿ, ಒಂದು ಗಂಟೆ ಉಪ್ಪಲ್ಲಿಟ್ಟು ರಕ್ತ ಹೋಗಿಸಿ ತೊಳೀಬೇಕು, ಅದೂ ಹೆಂಗಸಿನ ಕೆಲಸಾನೇ, ನೀರು ದೂರದಿಂದ ಹೊತ್ತು ತರ್ಬೇಕು ಅನ್ನೋದನ್ನ ಮರೀಬೇಡಿ.

ಮುಟ್ಟಾದ ಮೇಲೆ ಹರಿಯೋ ನೀರಲ್ಲೋ ಅದಕ್ಕೆ ಅಂತ ಕಟ್ಟಿಸಿದ ಕೊಳದಲ್ಲೋ ಮುಳುಗಿ ಸ್ನಾನ ಮಾಡ್ಬೇಕು ಅನ್ನೋದೂ ಇದೆ. ನಿಮ್ಮ ಸಭೇಲಿ ಹೆಂಗಸರೇ ಇರೋದ್ರಿಂದ ಇದನ್ನ ಹೇಳ್ಬೋದು. ಕೆರೆ ಐಸ್ ಆಗಿರೋ ಐದು ತಿಂಗಳು ಆ ಊರಲ್ಲಿ ಇದು ಎಷ್ಟು ಕಷ್ಟದ ವಿಷಯ ಅಂತ ಅವರಿಗೆ ವಿವರಿಸೋದೇ ಬೇಕಾಗಲ್ಲ.

ಆದ್ರೆ ಒಂದು ಮಾತು. ಧರ್ಮ ಕಾಪಾಡಿದಳು ಅಂತ ಬರೀ ಹೊಗಳಿ ನಿಲ್ಲಿಸ್ಬೇಡಿ. ಮೊದಲ ಹೆರಿಗೆ ಆದ್ಮೇಲೆ ಅತ್ತೆ ಗಾಳಿ ದೆವ್ವ ಅಂತ ಹೆದರಿಸಿ ಹೆದರಿಸಿ, ಮಗೂನ ಎತ್ಕೊಂಡು ಹೋಗ್ತವೆ ಅನ್ನೋ ಭಯದಲ್ಲಿ ರೇಚೆಲ್ ಮನಸ್ಸಿನ ಹಿಡಿತಾನೇ ಕಳ್ಕೊಂಡಿದ್ರು. ಹೆರಿಗೆ ಮಾಡಿಸೋಕೆ ಗೊತ್ತಿರೋರು ಹತ್ರದಲ್ಲಿಲ್ಲ, ತಾಯಿ ಇಲ್ಲ, ಕಿಟಕಿ ಆಚೆ ಬರೀ ಬಿಳಿ. ಈಗಿನ ಡಾಕ್ಟರು ಇದಕ್ಕೆ ಬಾಣಂತಿ ಖಿನ್ನತೆ ಅಂತಾನೋ ಇನ್ನೇನೋ ಹೆಸರು ಕೊಡ್ತಾರೆ. ಮನೆ ತುಂಬಾ ಜನ ಇದ್ರೂ ಆ ಹುಡುಗಿ ಪಕ್ಕ ಧೈರ್ಯ ಹೇಳೋಕೆ ಒಬ್ರೂ ಕೂರ್ಲಿಲ್ಲ, ಅದು ನನಗೆ ಚಳಿಗಿಂತ ದೊಡ್ಡ ಕಷ್ಟ ಅನ್ಸುತ್ತೆ.

ಪಾಂಡವಪುರ_ಬಸ್ಸು:

ಎಲ್ಲರೂ ಚೆನ್ನಾಗಿ ಬರೆದಿದೀರ ಆದ್ರೆ ಒಂದು ಪ್ರಶ್ನೆ ಯಾರೂ ಕೇಳ್ಲಿಲ್ಲ. ಸರ್ಕಾರ 160 ಎಕರೆ ಫ್ರೀಯಾಗಿ ಕೊಡ್ತು ಅಂತೀರಲ್ಲ, ಆ ಜಮೀನು ಸರ್ಕಾರಕ್ಕೆ ಎಲ್ಲಿಂದ ಬಂತು? ಡೆವಿಲ್ಸ್ ಲೇಕ್ ಸುತ್ತಮುತ್ತ ಅಮೆರಿಕದ ಮೂಲನಿವಾಸಿಗಳಾದ ಡಕೋಟಾ ಜನಾಂಗದ ನೆಲ. 1867ರ ಒಪ್ಪಂದದಲ್ಲಿ ಕೆರೆಯ ದಕ್ಷಿಣಕ್ಕೆ ಅವರಿಗೆ ಅಂತ ಒಂದು ಮೀಸಲು ಪ್ರದೇಶ ಬಿಟ್ರು, ಈಗ ಅದಕ್ಕೆ ಸ್ಪಿರಿಟ್ ಲೇಕ್ ಅಂತಾರೆ. 1904ರಲ್ಲಿ ಅದರೊಳಗೂ ಉಳಿಕೆ ಜಮೀನು ಅಂತ ಹೇಳಿ ಹೊರಗಿನೋರಿಗೆ ಹೋಮ್‌ಸ್ಟೆಡ್ ಮಾಡೋಕೆ ಬಿಟ್ಟುಕೊಟ್ರು. ರಷ್ಯಾದಲ್ಲಿ ಮಣ್ಣು ಮುಟ್ಟೋ ಹಾಗಿಲ್ಲ ಅಂತ ಓಡಿ ಬಂದೋರು ಇಲ್ಲಿ ಇನ್ನೊಬ್ಬರ ಕೈಯಿಂದ ಕಿತ್ಕೊಂಡ ಮಣ್ಣಿನ ಮೇಲೆ ಮನೆ ಕಟ್ಟಿದ್ರು. ಆ ಯಮ್ಮನ ತಪ್ಪು ಅಂತ ನಾನು ಹೇಳ್ತಿಲ್ಲ, ಅವಳ ಕೈಲಿ ಏನಿತ್ತು. ಆದ್ರೆ ಹೇಳ್ದೇ ಬಿಟ್ರೆ ಕಥೆ ಅರ್ಧ ಆಗುತ್ತೆ.

ಒಂಟಿಕೊಪ್ಪಲ್_ಓದುಗಿ:

ಪಾಂಡವಪುರದೋರೇ, ನೀವು ಹೇಳಿದ್ದು ನೂರಕ್ಕೆ ನೂರು ಸರಿ, ಸೇರಿಸ್ತೀನಿ. ಅಮ್ಮಾ, ನೀವು ಬರೆದಿದ್ದನ್ನ ಎರಡು ಸಲ ಓದ್ದೆ, ಹತ್ತು ಜನ ಗಂಡಸರು ಸೇರದೇ ಇದ್ದಾಗ್ಲೂ ಧರ್ಮ ಮನೇಲಿ ನಡೀತು ಅನ್ನೋದೇ ನನ್ನ ಮಾತಿನ ಮುಖ್ಯ ಅಂಶ ಆಗುತ್ತೆ. ಇನ್ನೆರಡು ವಿಷಯ ಕೇಳ್ತೀನಿ. ಇವ್ರೆಲ್ಲ ಜಮೀನಲ್ಲೇ ಇದ್ರಾ, ಅಥವಾ ಅಲ್ಲಿನ ಸಣ್ಣ ಪೇಟೆಗಳಲ್ಲೂ ಯಹೂದಿ ಹೆಂಗಸರು ಇದ್ರಾ? ಸುತ್ತಮುತ್ತಲ ಕ್ರಿಶ್ಚಿಯನ್ ಹೆಂಗಸರ ಜೊತೆ ಹೇಗಿತ್ತು? ಮತ್ತೆ ಅಷ್ಟೆಲ್ಲ ಕಷ್ಟಪಟ್ಟು ನಿಂತೋರು 1917ರಲ್ಲಿ ಯಾಕೆ ಬಿಟ್ಟು ಬಂದ್ರು ಅಂತ ಖಂಡಿತ ಕೇಳ್ತಾರೆ.

ಗಂಗೋತ್ರಿ_ಇತಿಹಾಸ:

ಪೇಟೆಗಳಲ್ಲಿ ಇದ್ದೋರೇ ಜಾಸ್ತಿ ಮೇಡಂ. ಐಯೋವಾ, ನೆಬ್ರಾಸ್ಕಾ, ಡಕೋಟಾ ಕಡೆಯ ಸಣ್ಣ ಸಣ್ಣ ರೈಲ್ವೆ ಊರುಗಳಲ್ಲಿ ಬಟ್ಟೆ, ದಿನಸಿ, ಬೂಟು ಎಲ್ಲಾ ಮಾರೋ ಅಂಗಡಿ ಯಹೂದಿ ಸಂಸಾರದ್ದು ಅನ್ನೋದು ಎಷ್ಟೋ ಕಡೆ ಇತ್ತು. ಗಂಡ ಮೊದಲು ಬೆನ್ನ ಮೇಲೆ ಗಂಟು ಹೊತ್ತು ಜಮೀನಿಂದ ಜಮೀನಿಗೆ ಮಾರ್ಕೊಂಡು ತಿರುಗಿ, ಆಮೇಲೆ ಒಂದು ಊರಲ್ಲಿ ಅಂಗಡಿ ಹಾಕೋದು, ಸಂಸಾರ ಅಂಗಡಿ ಹಿಂದೇನೋ ಮೇಲೇನೋ. ನ್ಯೂಯಾರ್ಕಲ್ಲಿ ಜನ ಕಿಕ್ಕಿರಿದಿದ್ದಾರೆ ಅಂತ 1901ರಲ್ಲಿ ಯಹೂದಿ ಸಂಸ್ಥೆಗಳೇ ಒಂದು ಕಚೇರಿ ಮಾಡಿ, ಕೆಲಸ ಹುಡುಕಿಕೊಟ್ಟು ರೈಲು ಚಾರ್ಜು ಕೊಟ್ಟು ಒಳನಾಡಿನ ಊರುಗಳಿಗೆ ಕಳಿಸ್ತಾ ಹೋದ್ರು, 1922ರಲ್ಲಿ ಅದು ಮುಚ್ಚೋ ಹೊತ್ತಿಗೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಹಾಗೆ ಹೋಗಿದ್ರು.

ಅಂಗಡಿ ಹೆಂಗಸಿನ ಸಂಕಟ ಬೇರೆ ಥರ. ರೈತರು ವಾರದ ಸಾಮಾನಿಗೆ ಪೇಟೆಗೆ ಬರೋದೇ ಶನಿವಾರ, ರಾತ್ರಿ ತನಕ ಬೀದಿ ತುಂಬಾ ಜನ. ಶನಿವಾರ ಇವರಿಗೆ ಕೆಲಸ ಮುಟ್ಟಬಾರದ ದಿನ. ಬಾಗಿಲು ಹಾಕಿದ್ರೆ ವಾರದ ವ್ಯಾಪಾರ ಹೋಯ್ತು, ತೆಗೆದ್ರೆ ಧರ್ಮ ಹೋಯ್ತು. ಬಹಳ ಜನ ತೆಗೆದ್ರು. ಶುಕ್ರವಾರ ಸಂಜೆ ದೀಪ ಹಚ್ಚಿ, ಬೆಳಿಗ್ಗೆ ಕೌಂಟರಲ್ಲಿ ನಿಂತ ಹೆಂಗಸರು ಎಷ್ಟೋ ಮಂದಿ. ಅದರ ನೋವು ಅವರಲ್ಲಿ ಕೆಲವರ ಬರಹಗಳಲ್ಲಿ ಸಿಗುತ್ತೆ, ಆದ್ರೆ ಸಂಸಾರ ಹಸಿವಿಗೆ ಬಿಟ್ಟು ನಿಯಮ ಹಿಡ್ಕೊಂಡು ಕೂರೋದು ಸರಿ ಅಂತ ನನಗಂತೂ ಅನ್ಸಲ್ಲ.

ನೆರೆಹೊರೆ ವಿಷಯಕ್ಕೆ ಬಂದ್ರೆ ಅಲ್ಲಿ ಎಲ್ರೂ ವಲಸಿಗರೇ. ನಾರ್ವೆಯೋರು, ರಷ್ಯಾದಲ್ಲಿ ತಲೆಮಾರುಗಳಿಂದ ಇದ್ದ ಜರ್ಮನ್ ರೈತರು. ಯಿಡ್ಡಿಶ್‌ಗೂ ಜರ್ಮನ್ನಿಗೂ ನಂಟಿರೋದ್ರಿಂದ ಜರ್ಮನ್ ಹೆಂಗಸರ ಜೊತೆ ಹೆಂಗೋ ಮಾತು ನಡೀತಿತ್ತು, ಹಿಟ್ಟು, ಬೀಜ, ಹೆರಿಗೆ ಸಹಾಯ ಕೊಟ್ಟು ತಗೊಳ್ಳೋದು ಇತ್ತು. ಊರಿನ ಸಮಾಜ ಪೂರ್ತಿ ಚರ್ಚಿನ ಸುತ್ತ ತಿರುಗ್ತಿತ್ತು, ಊಟ, ಹೊಲಿಗೆ ಗುಂಪು, ಕ್ರಿಸ್‌ಮಸ್, ಎಲ್ಲಾ ಅಲ್ಲೇ. ಒಂದೇ ಯಹೂದಿ ಮನೆ ಇರೋ ಊರಲ್ಲಿ ಆ ಹೆಂಗಸು ಎಲ್ಲರಿಗೂ ಪರಿಚಯ, ಯಾರಿಗೂ ಹತ್ರ ಅಲ್ಲ ಅನ್ನೋ ಸ್ಥಿತಿ. ಅಂಥೋರಿಗೆ ನ್ಯೂಯಾರ್ಕಿಂದ ಪೋಸ್ಟಲ್ಲಿ ಬರೋ ಯಿಡ್ಡಿಶ್ ಪೇಪರ್ರೇ ಗೆಳತಿ. ಅಲ್ಲಿನ ದೊಡ್ಡ ಪೇಪರ್ ಫೋರ್‌ವರ್ಟ್ಸ್, ಅದರಲ್ಲಿ 1906ರಿಂದ ಓದುಗರು ತಮ್ಮ ಕಷ್ಟ ಬರೆದು ಸಲಹೆ ಕೇಳೋ ಅಂಕಣ ಬರ್ತಿತ್ತು, ಸಾವಿರಾರು ಜನ ಓದ್ತಿದ್ರು.

ಬಿಟ್ಟು ಬಂದಿದ್ದಕ್ಕೆ ಸಾಮಾನ್ಯವಾಗಿ ಕಾರಣ ಮಕ್ಕಳು. ಓದು, ಅದಕ್ಕಿಂತ ಹೆಚ್ಚಾಗಿ ಮದುವೆ. ಬೆಳೆದ ಹೆಣ್ಣುಮಕ್ಕಳಿಗೆ ತಮ್ಮೋರಲ್ಲಿ ಗಂಡು ಸಿಗ್ಬೇಕು ಅಂದ್ರೆ ಪೇಟೆಗೆ ಹೋಗ್ಬೇಕಿತ್ತು. ಪಟ್ಟಾ ಕೈಗೆ ಬಂದ ಮೇಲೆ ಮಾರಿ, ಆ ದುಡ್ಡಲ್ಲಿ ಪೇಟೇಲಿ ಅಂಗಡಿ ಹಾಕಿದೋರು ಬಹಳ.

ಮದ್ದೂರು_ಬೇಸಾಯ:

ಅದಕ್ಕೊಂದು ಸೇರಿಸ್ತೀನಿ ಅಕ್ಕ. 1917 ಅಂದ್ರೆ ಮೊದಲ ಮಹಾಯುದ್ಧ, ಅಮೆರಿಕ ಯುದ್ಧಕ್ಕೆ ಇಳಿದ ವರ್ಷ, ಗೋಧಿ ರೇಟು ಮೇಲಕ್ಕೆ ಹೋಗಿ ಜಮೀನಿಗೂ ಬೆಲೆ ಬಂದಿದ್ದ ಕಾಲ. 1920 ಆದ್ಮೇಲೆ ರೇಟು ಬಿದ್ದು, ಸಾಲ ಮಾಡಿದ್ದ ರೈತರು ಅಲ್ಲಿ ಸಾಲುಸಾಲಾಗಿ ಜಮೀನು ಕಳ್ಕೊಂಡ್ರು, 1930ರ ದಶಕದಲ್ಲಿ ಬರ ಬಂದು ಧೂಳಾಯ್ತು. ಆದ್ದರಿಂದ ಯಾರಾದ್ರೂ ಸೋತು ಓಡಿಬಂದ್ರಾ ಅಂತ ಕೇಳಿದ್ರೆ ಇಲ್ಲ ಅನ್ನಿ. ಇಪ್ಪತ್ತಮೂರು ವರ್ಷ ಆ ನೆಲದಲ್ಲಿ ನಿಂತು, ಒಂಬತ್ತು ಮಕ್ಕಳನ್ನೂ ಬದುಕಿಸ್ಕೊಂಡು ಬಂದ ಯಮ್ಮ ಅದು. ಯಾವ ದಿನ ಮಾತಾಡ್ತೀರ ಹೇಳಿ, ನಮ್ಮ ಮನೆಯವಳೂ ಮದ್ದೂರಿಂದ ಬರ್ತೀನಿ ಅಂತವ್ಳೆ.